ಶೆಟ್ಟರ ಪೆಟ್ಟಿಗೆಯಲ್ಲಿ ನೀಲವ್ವನ ಬಳೆ

ಮೆಣಸಿನಕಾಯಿ ಪೇಟೆಯ ಒಂದು ಊರು. ಅಲ್ಲಿ ನೀಲವ್ವ ಎಂಬಾಕೆ ಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡುತ್ತಿದ್ದಳು. ಉರಿಯುವ ಕೈಯಲ್ಲಿ ಹದಿನೆಂಟು ವರ್ಷ ದುಡಿದು, ಉಳಿಸಿದ್ದನ್ನೆಲ್ಲ ಅಂದಾನೆಪ್ಪ ಶೆಟ್ಟರ ಲೇವಾದೇವಿಯ ಪೇಢಿಯಲ್ಲಿ ಇಟ್ಟಿದ್ದಳು. ಎರಡು ಖೋಲಿಯ ಸ್ವಂತ ಮನೆ ಕಟ್ಟಬೇಕು, ಬಾಡಿಗೆ ಮನೆಯಲ್ಲಿ ಸಾಯಬಾರದು. ಅದೊಂದೇ ಅವಳ ಆಸೆ.

ಶೆಟ್ಟರು ಜನರ ರೊಕ್ಕವನ್ನು ವ್ಯಾಪಾರಿಗಳಿಗೆ ಸಾಲ ಕೊಡುತ್ತಿದ್ದರು. ತಮ್ಮ ಸ್ವಂತ ಬಂಗಾರವನ್ನು ಮಾತ್ರ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೊಮ್ಮೆ ಲಕ್ಷ್ಮೀಪೂಜೆಯ ದಿನ ಎಲ್ಲರಿಗೂ ತೆರೆದು ತೋರಿಸುತ್ತಿದ್ದರು.

"ಸಾಲ ಮುಳುಗಿದರ ಮೊದಲ ಇದು ಹೋಗ್ತೈತಿ. ಇದು ಖಾಲಿ ಆಗೂತನಕ ನಿಮ್ಮ ರೊಕ್ಕಕ್ಕ ಬಿಸಿ ತಾಗಂಗಿಲ್ಲ."

ಆಡಿದಂತೆ ನಡೆದರು. ಎರಡು ಸಲ ವ್ಯಾಪಾರಿಗಳು ದಿವಾಳಿಯಾದಾಗ ಪೆಟ್ಟಿಗೆ ಅರ್ಧ ಬರಿದಾಯಿತು. ಜನರ ಒಂದು ಪೈಸೆಯೂ ಕದಲಲಿಲ್ಲ. ಶೆಟ್ಟರು ಹೋಳಿಗೆ ಬಿಟ್ಟು ರೊಟ್ಟಿ ತಿಂದು ಮತ್ತೆ ತುಂಬಿಸಿದರು.

ಅವರು ತೀರಿದ ಮೇಲೆ ಮಗ ಮುರಿಗೆಪ್ಪ ಗಾದಿಗೆ ಕುಳಿತ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಪೆಟ್ಟಿಗೆಯ ಬಂಗಾರ ಮಾರಿ ಬಂಗಲೆ ಕಟ್ಟಿದ, ಕಾರು ಕೊಂಡ. ಪೂಜೆ ಹತ್ತಿರ ಬಂದಾಗ, ಬರಿದಾದ ಪೆಟ್ಟಿಗೆಯನ್ನು ಜನರಿಗೆ ಹೇಗೆ ತೋರಿಸುವುದೆಂದು ಅಂಜಿಕೆಯಾಯಿತು. ನೀಲವ್ವನ ಮನೆಗೆ ಬಂದ.

"ಅವ್ವಾ, ನಿನ್ನ ನಾಲ್ಕು ಬಂಗಾರದ ಬಳಿ ನಮ್ಮ ಪೆಟ್ಟಿಗ್ಯಾಗ ಇಡು. ಬಡ್ಡಿ ಕೊಡ್ತೀನಿ. ಯಾರಿಗೂ ಹೇಳಬ್ಯಾಡ."

ದೊಡ್ಡವರ ಮಗ ತನ್ನ ಹೊಸ್ತಿಲು ತುಳಿದನಲ್ಲ ಎಂದು ಹಿಗ್ಗಿ, ಅವಳು ಬಳೆ ಕಳಚಿ ಕೊಟ್ಟಳು.

ಪೂಜೆಯ ದಿನ ಪೆಟ್ಟಿಗೆ ತುಂಬಿತ್ತು. ಮೇಲೆಯೇ ಅವಳ ಬಳೆ ಹೊಳೆಯುತ್ತಿದ್ದವು. ಆದರೂ ನೀಲವ್ವನ ಎದೆ ತಂಪಾಯಿತು. "ಇಷ್ಟೊಂದು ಐತಲ್ಲ, ಇನ್ನೇನ ಅಂಜಿಕಿ!" ಎಂದು ಮನೆಯಲ್ಲಿದ್ದ ಕೊನೆಯ ಹತ್ತು ಸಾವಿರವನ್ನೂ ತಂದು ಪೇಢಿಗೆ ಕಟ್ಟಿದಳು. ಎಂಥ ಮಂಕು ನೋಡಿ! ಪಕ್ಕದಲ್ಲಿ ನಿಂತ ಹಮಾಲ ಇಮಾಮಸಾಬನೂ ಹಾಗೇ ಮಾಡಿದ. ಅವನ ಹೆಂಡತಿಯ ಸರವೂ ಅದರಲ್ಲೇ ಇತ್ತು. ಸಾಲಿನಲ್ಲಿದ್ದ ಎಷ್ಟೋ ಜನರದೂ ಇತ್ತು. ಒಬ್ಬರಿಗೊಬ್ಬರು ಹೇಳಿರಲಿಲ್ಲ, ಅಷ್ಟೆ.

ಆ ವರ್ಷ ವ್ಯಾಪಾರಿಗಳ ಮೆಣಸಿನಕಾಯಿ ತುಂಬಿದ ಗೋದಾಮು ಸುಟ್ಟುಹೋಯಿತು. ಸಾಲ ಪಡೆದ ವ್ಯಾಪಾರಿಗಳು ಕೈಚೆಲ್ಲಿದರು. ಪಂಚರು ಬಂದು ಪೆಟ್ಟಿಗೆ ತೆರೆಸಿದರು. ಜನ ಮುಗಿಬಿದ್ದರು.

"ಇವು ನನ್ನ ಬಳಿ!" ಎಂದು ನೀಲವ್ವ ಕೂಗಿದಳು.

"ಅದು ನಮ್ಮಾಕಿ ಸರ!" ಎಂದ ಇಮಾಮಸಾಬ.

ಹಿರಿಯ ಪಂಚರು ಕೇಳಿದರು: "ಹಂಗಾರ ಇದರಾಗ ಮುರಿಗೆಪ್ಪಂದು ಯಾವುದು?"

ಮುರಿಗೆಪ್ಪನದೆಂದು ಒಂದು ಗುಂಜಿಯೂ ಇರಲಿಲ್ಲ. ಬಂಗಲೆ ಹೆಂಡತಿಯ ಹೆಸರಿನಲ್ಲಿತ್ತು, ಪಂಚರು ಅದನ್ನು ಮುಟ್ಟುವಂತಿರಲಿಲ್ಲ. ಪೆಟ್ಟಿಗೆಯಲ್ಲಿದ್ದುದನ್ನೇ ರೊಕ್ಕ ಇಟ್ಟವರಿಗೆಲ್ಲ ಹಂಚಿದರು. ಹದಿನೆಂಟು ವರ್ಷದ ದುಡಿಮೆಗೆ ನೀಲವ್ವನಿಗೆ ಸಿಕ್ಕಿದ್ದು ಅವಳದೇ ಒಂದು ಬಳೆ.

ಬಾಡಿಗೆ ಮನೆಯಲ್ಲೇ ಅವಳಿಗೆ ಮುಪ್ಪು ಬಂತು. ಒಂದು ದಿನ ಹೊಸ ಪೇಢಿಯವನೊಬ್ಬ ಬಂದು, "ನಮ್ಮ ಪೆಟ್ಟಿಗಿ ನೋಡ ಬಾ ಅವ್ವಾ, ಎಷ್ಟ ತುಂಬೇತಿ!" ಎಂದ.

ನೀಲವ್ವ ತೊಟ್ಟು ಬಿಡಿಸುತ್ತಲೇ ಕೇಳಿದಳು: "ತುಂಬಿದ್ದು ಇರಲಿ ತಮ್ಮಾ. ಅದರಾಗ ನಿಂದು ಎಷ್ಟೈತಿ?"

ಅವನು ಮುಂದಿನ ಮನೆಗೆ ಹೋದ. ಆ ಮನೆಯವರು ಏನೂ ಕೇಳಲಿಲ್ಲ. ಪೆಟ್ಟಿಗೆ ನೋಡಲು ಅವನ ಹಿಂದೆಯೇ ಹೊರಟರು.

ನೀತಿ: ಇನ್ನೊಬ್ಬರ ಹಣ ಕಾಯುವವನು, ನಷ್ಟ ಬಂದಾಗ ಮೊದಲು ಕಳೆದುಕೊಳ್ಳಲು ತನ್ನದೇ ಗಂಟು ಇಟ್ಟಿರಬೇಕು. ಎರವಲು ತಂದು ತುಂಬಿದ ಪೆಟ್ಟಿಗೆ ಕಷ್ಟಕ್ಕೆ ಬರಿದೇ. ಪೆಟ್ಟಿಗೆ ತುಂಬಿದೆಯೇ ಎಂದು ನೋಡಬೇಡಿ; ತುಂಬಿದ್ದು ಯಾರದೆಂದು ಕೇಳಿ.