ತಿರುಗುವ ಹರಿಗೋಲು

ನದಿಯ ಈ ದಡದಲ್ಲಿ ಆಶ್ರಮ, ಆ ದಡದಲ್ಲಿ ಆಸ್ಪತ್ರೆ. ನಡುವೆ ಸೇತುವೆ ಇರಲಿಲ್ಲ. ನಿಂಗಮ್ಮನ ಹರಿಗೋಲು ಇತ್ತು.

ಆಶ್ರಮದ ಗುರು ಸುವಾರ್ತಯ್ಯನವರು. ಎಂಬತ್ತು ದಾಟಿದ್ದರೂ ಕರ್ತನ ಕೃಪೆಯಿಂದ ಮುಂಜಾನೆಯ ಪ್ರಾರ್ಥನೆಗೆ ತಾವೇ ಗಂಟೆ ಬಾರಿಸುತ್ತಿದ್ದರು. ಆ ಗಂಟೆಗೆ ಮೊದಲೇ ಬಂದು ಮೊಣಕಾಲೂರುತ್ತಿದ್ದವನು ಶಿಷ್ಯ ಶಾಂತಪ್ಪ.

ಶಾಂತಪ್ಪನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಆಗಲೇಬೇಕು, ಇನ್ನು ತಡಮಾಡಿದರೆ ನಮ್ಮ ಕೈಲಿಲ್ಲ ಎಂದಿದ್ದರು ಡಾಕ್ಟರು. ಮೂರು ಸಲ ದಿನ ಗೊತ್ತಾಯಿತು. ಮೂರು ಸಲವೂ ಅವನು ದಡದವರೆಗೆ ಹೋಗಿ, ಹರಿಗೋಲು ಹತ್ತದೆ ವಾಪಸು ಬಂದ.

ಮೂರನೆಯ ಸಲ ಬಂದಾಗ ಗುರುಗಳು ಹುರುಳಿ ಆರಿಸುತ್ತಾ ಕೂತಿದ್ದರು.

“ಏನಯ್ಯಾ, ಇವತ್ತೂ ನದಿ ನೋಡ್ಕೊಂಡು ಬಂದ್ಯಾ?”

“ಅಯ್ಯನವರೇ, ಭಯ.”

“ಕತ್ತಿಗಾ?”

“ಕತ್ತಿಗಲ್ಲ. ಕತ್ತಿ ಆದಮೇಲೆ ಕಣ್ಣು ತೆರೀದಿದ್ರೆ? ಅಲ್ಲಿ ಏನು ಕಾದಿದೆಯೋ ಅದಕ್ಕೆ.”

ಗುರುಗಳು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕೆ ಹಾಕಿದರು.

“ಅಲ್ಲಿ ಯಾರಿದಾರೆ ಅಂದ್ಕೊಂಡಿದೀಯ?”

“ನನ್ನ ಅಣ್ಣ.”

ಅದು ಹಳೆಯ ಮಾತು. ಹೊಲದ ಬದುವಿನ ಜಗಳದಲ್ಲಿ ಒಬ್ಬನ ತಲೆ ಒಡೆದಿತ್ತು. ಹೊಡೆದವನು ಅಣ್ಣ ದಾವೀದಪ್ಪ ಎಂದು ಶಾಂತಪ್ಪ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಅದು ಸುಳ್ಳು. ದಾವೀದಪ್ಪ ಜೈಲಿಗೆ ಹೋದ, ಅಲ್ಲೇ ಜ್ವರ ಹಿಡಿದು ತೀರಿಕೊಂಡ. ಅವನನ್ನು ತಂದು ಆಶ್ರಮದ ಪಕ್ಕದ ದಿಬ್ಬದಲ್ಲಿ ಮಣ್ಣು ಮಾಡಿದರು. ಆಮೇಲೆ ಶಾಂತಪ್ಪ ಹೊಲ ಬಿಟ್ಟ, ಊರು ಬಿಟ್ಟ, ಅಣ್ಣನ ಸಮಾಧಿ ಕಾಣುವಷ್ಟು ದೂರದಲ್ಲಿ ಬಂದು ನೆಲೆಸಿದ.

“ಯೇಸುಸ್ವಾಮಿಯ ಹತ್ತಿರ ಕ್ಷಮೆ ಕೇಳಲಿಲ್ವಾ?”

“ದಿನಾ ಕೇಳ್ತೀನಿ.”

“ಮೊದಲನೇ ಸಲ ಕೇಳಿದಾಗ ಸ್ವಾಮಿ ನಿದ್ದೆ ಮಾಡ್ತಿದ್ರಾ?”

ಶಾಂತಪ್ಪ ತಲೆ ತಗ್ಗಿಸಿದ. “ಕೇಳಿದಾಗ ಹಗುರಾಗುತ್ತೆ. ಮಧ್ಯಾಹ್ನದ ಹೊತ್ತಿಗೆ ಮನಸ್ಸು ಮತ್ತೆ ಆ ಕೋರ್ಟಿನ ಕಟಕಟೆಗೇ ಹೋಗಿ ನಿಲ್ಲುತ್ತೆ. ನಿಜವಾಗಿ ಕ್ಷಮೆ ಸಿಕ್ಕಿದ್ರೆ ಮನಸ್ಸು ಹಿಂದಕ್ಕೆ ತಿರುಗ್ತಿತ್ತಾ ಅಯ್ಯನವರೇ?”

ಗುರುಗಳು ಇನ್ನೊಂದು ಕಲ್ಲನ್ನು ಆರಿಸಿ ಹಾಕಿದರು.

“ಅಣ್ಣನ ಕೊನೆಗಾಲಕ್ಕೆ ನೀವು ಜೈಲಿಗೆ ಹೋಗಿದ್ರಿ. ನನ್ನ ಬಗ್ಗೆ ಏನಾದ್ರೂ ಹೇಳಿದ್ನಾ?”

“ನಿನ್ನ ಸುದ್ದಿ ಎತ್ತಲಿಲ್ಲ.”

“ಮತ್ತೆ ಏನು ಮಾಡಿದ?”

“ತನ್ನ ಪಾಪ ಕ್ಷಮಿಸು ಅಂತ ಸ್ವಾಮಿಯನ್ನ ಬೇಡಿಕೊಂಡ. ಹಾಗೇ ಕಣ್ಣು ಮುಚ್ಚಿದ.”

“ಅಣ್ಣನಿಗೆಂಥ ಪಾಪ? ನಿರಪರಾಧಿ ಅವನು!”

“ಅದನ್ನ ಅವನನ್ನೇ ಕೇಳು.” ಗುರುಗಳು ಮೊರ ಕೊಡವಿ ಎದ್ದರು. “ಮುಂದಿನ ಸಲ ನಾನೂ ಜೊತೆಗೆ ಬರ್ತೀನಿ.”

ಗೊತ್ತಾದ ದಿನ ಬೆಳಿಗ್ಗೆ ಇಬ್ಬರೂ ಹರಿಗೋಲು ಹತ್ತಿದರು. ನಿಂಗಮ್ಮ ಅಂಗೈಗೆ ಬಟ್ಟೆ ಸುತ್ತಿಕೊಂಡು ಹುಟ್ಟು ಹಿಡಿದಳು.

ಶಾಂತಪ್ಪ ಆ ದಡಕ್ಕೆ ಮುಖ ಮಾಡಿ ಕೂತ. ಆಸ್ಪತ್ರೆಯ ಬಿಳಿ ನೀರಿನ ಟ್ಯಾಂಕಿನ ಮೇಲೆ ಕಣ್ಣು ನೆಟ್ಟ. ಇವತ್ತು ಹಿಂದಕ್ಕೆ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ.

ಹರಿಗೋಲು ಬುಟ್ಟಿಯಂತೆ ದುಂಡು. ಹೊಳೆಯ ಸೆಳವಿಗೆ ಸಿಕ್ಕಿದ್ದೇ ಮೆಲ್ಲಗೆ ತಿರುಗಿತು. ಟ್ಯಾಂಕು ಎಡಕ್ಕೆ ಸರಿಯಿತು.

ಶಾಂತಪ್ಪನೂ ಎಡಕ್ಕೆ ಸರಿದು ಕೂತ.

ಹರಿಗೋಲು ಇನ್ನಷ್ಟು ತಿರುಗಿತು. ಅವನು ಎದ್ದು ಇನ್ನೊಂದು ಪಕ್ಕಕ್ಕೆ ಹೋಗಿ ಕುಕ್ಕರಿಸಿದ. ಅಂಚು ವಾಲಿ ಒಂದು ಬೊಗಸೆ ನೀರು ಒಳಗೆ ಬಂತು.

“ಏ ಅಯ್ಯಾ!” ನಿಂಗಮ್ಮ ಕೂಗಿದಳು. “ಹೆಸರು ನೋಡಿದ್ರೆ ಶಾಂತಪ್ಪ, ಕೂತ ಕಡೆ ಕೂರಕ್ಕಾಗಲ್ವಾ? ಮೂರೂ ಜನ ಮೀನಿಗೆ ಊಟ ಆಗ್ತೀವಿ!”

“ಆ ದಡ ಕಾಣಬೇಕಮ್ಮಾ.”

“ನನಗೆ ಕಾಣ್ತಾ ಇದೆ. ಸಾಕು.”

ನಡುಹೊಳೆಯಲ್ಲಿ ಸುಳಿ ಇತ್ತು. ಹರಿಗೋಲು ಪೂರ್ತಿ ತಿರುಗಿ ಹೋಯಿತು. ಶಾಂತಪ್ಪನ ಮುಖ ಬಿಟ್ಟು ಬಂದ ದಡದ ಕಡೆಗಾಯಿತು. ಅಲ್ಲಿ ಆಶ್ರಮ, ಅದರ ಪಕ್ಕದ ದಿಬ್ಬ, ದಿಬ್ಬದ ಮೇಲೆ ಸುಣ್ಣ ಬಳಿದ ಶಿಲುಬೆ.

“ನಿಂಗಮ್ಮಾ, ವಾಪಸು ಹೋಗ್ತಿದೀವಿ!”

ಅವನು ಬಗ್ಗಿ ಎರಡೂ ಕೈಯಿಂದ ನೀರು ತಳ್ಳತೊಡಗಿದ.

ನಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ. “ಹೊಳೆಗೆ ಕಚಗುಳಿ ಇಡಬೇಡಿ, ಕೈ ತೆಗೀರಿ. ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಇಳೀರಿ, ಈಜ್ಕೊಂಡು ಬನ್ನಿ. ಈ ಹೊಳೇನ ಈಜಿ ದಾಟಿದೋರನ್ನ ನಾನಂತೂ ನೋಡಿಲ್ಲ.”

ಶಾಂತಪ್ಪ ಕೈ ತೆಗೆದ. ಒದ್ದೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ.

ಗುರುಗಳು ಕೇಳಿದರು: “ಶಾಂತಪ್ಪ, ಈಗ ನಿನ್ನ ಮುಖ ಎತ್ತ ಇದೆ?”

“ಅಣ್ಣನ ಸಮಾಧಿಯ ಕಡೆಗೆ.”

“ಹೋಗ್ತಾ ಇರೋದು ಎತ್ತ?”

ಶಾಂತಪ್ಪ ದಿಬ್ಬದ ಶಿಲುಬೆಯನ್ನೇ ನೋಡುತ್ತಿದ್ದ. ಅದು ಅಂಗೈಯಷ್ಟಾಯಿತು. ಆಮೇಲೆ ಬೆರಳಿನಷ್ಟಾಯಿತು.

ಹುಟ್ಟು ನೀರಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ನಿಂಗಮ್ಮನ ಅಂಗೈಯ ಬಟ್ಟೆಯಲ್ಲಿ ರಕ್ತ ಒಸರಿತ್ತು.

“ಅಮ್ಮಾ, ಕೈಗೆ ಏನಾಯ್ತು?” ಎಂದ ಶಾಂತಪ್ಪ.

“ದಾಟಿಸೋ ಕೈಗೆ ಇನ್ನೇನಾಗುತ್ತೆ? ಇದೇ ಆಗೋದು.” ಅವಳು ಹುಟ್ಟು ಹಾಕುತ್ತಲೇ ಇದ್ದಳು.

ಗುರುಗಳು ಕಣ್ಣು ಮುಚ್ಚಿ, ಕೈ ಜೋಡಿಸಿ, ಮೆಲ್ಲಗೆ “ಸ್ವಾಮೀ” ಎಂದರು.

ಬೆನ್ನ ಹಿಂದೆ ಮರಳು ಕಿರ್ ಎಂದಿತು. ಶಾಂತಪ್ಪ ಬೆಚ್ಚಿ ತಿರುಗಿ ನೋಡಿದ. ಹರಿಗೋಲು ಆ ದಡ ಮುಟ್ಟಿತ್ತು.

ಆಸ್ಪತ್ರೆಯಲ್ಲಿ ಅವನಿಗೆ ಹಸಿರು ಅಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ಆಪರೇಷನ್ ಕೋಣೆಯ ಬಾಗಿಲಿನವರೆಗೆ ಗುರುಗಳು ಅವನ ಕೈ ಹಿಡಿದೇ ನಡೆದರು. ಬಾಗಿಲ ಬಳಿ ನರ್ಸು ನಿಂತಳು.

“ಇಲ್ಲಿಂದಾಚೆಗೆ ಯಾರೂ ಬರೋ ಹಾಗಿಲ್ಲ ತಾತ.”

ಶಾಂತಪ್ಪ ಗುರುಗಳ ಕೈ ಬಿಡಲಿಲ್ಲ.

“ಅಯ್ಯನವರೇ, ಈಗಲೂ ನನ್ನ ಮನಸ್ಸು ಹಿಂದಕ್ಕೇ ನೋಡ್ತಿದೆ.”

“ನೋಡಲಿ.”

“ನಾನು ಏನು ಮಾಡಬೇಕು?”

“ಕೂತಿರು. ಕೈ ನೀರಿನಿಂದ ಮೇಲಿರಲಿ.”

ಶಾಂತಪ್ಪ ಉಸಿರೆಳೆದುಕೊಂಡ. ಬೆರಳುಗಳು ಒಂದೊಂದಾಗಿ ಸಡಿಲವಾದವು. ಮಂಚ ಮುಂದಕ್ಕೆ ಸರಿಯಿತು. ಬಾಗಿಲು ಅರ್ಧ ಮುಚ್ಚುವಾಗ ಒಳಗಿಂದ ಅವನ ದನಿ ಬಂತು.

“ಅಯ್ಯನವರೇ, ಆ ದಡದಲ್ಲಿ ಅಣ್ಣ ನಿಂತಿದ್ರೆ?”

ಗುರುಗಳು ಹೇಳಿದರು: “ನಿಂತೇ ಇರ್ತಾನೆ ಶಾಂತಪ್ಪ. ಅವನೂ ಈಜಿ ದಾಟಿದವನಲ್ಲ, ದಾಟಿಸಿಕೊಂಡವನು.”