ನೀಲಗಂಗವ್ವನ ಖಾಲಿ ಓಣಿ

ಬಹಳ ಹಿಂದೆ, ಒಂದೂರಿನಲ್ಲಿ, ಚಿಪ್ ಮಾಡುವ ಕಾರ್ಖಾನೆಯೊಂದು ಇತ್ತಂತೆ. ಯಾವ ಊರು ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಈಗ ನೀವು ಯಂತ್ರಕ್ಕೆ ಕೆಲಸ ಹಚ್ಚಿ ಚಹಾ ಕುಡಿಯಲು ಹೋಗುತ್ತೀರಿ, ಬರುವಷ್ಟರಲ್ಲಿ ಚಿಪ್‌ನ ನಕ್ಷೆ ಸಿದ್ಧ. ಆಗ ಹಾಗಿರಲಿಲ್ಲ. ಕೋಣೆಯಗಲದ ಕೆಂಪು ಹಾಳೆ ಹಾಸಿ, ತಂತಿ ಓಡುವ ಗೆರೆಗಳನ್ನು ಚಾಕುವಿನಿಂದ ಕೈಯಲ್ಲೇ ಕೊಯ್ಯಬೇಕಿತ್ತು. ಆಮೇಲೆ ಅದನ್ನು ಕುಗ್ಗಿಸಿ ಉಗುರಿನಷ್ಟು ಅಚ್ಚುಗಳನ್ನು ಮಾಡಿ, ಅವುಗಳಿಂದ ಚಿಪ್ ಒತ್ತುತ್ತಿದ್ದರು. ಒಂದು ಗೆರೆ ಇನ್ನೊಂದನ್ನು ಮುಟ್ಟಿತೋ, ಮಾಡಿದ್ದೆಲ್ಲ ನೀರಲ್ಲಿ ಹೋಮ.

ಆ ಕೆಲಸಕ್ಕೆ ಬಂದವಳು ನೀಲಗಂಗವ್ವ. ಧಾರವಾಡದ ಕಡೆಯವಳು, ಸೀರೆಗೆ ಕಸೂತಿ ಹಾಕುತ್ತಿದ್ದವಳು. ಗಂಟು ಹಾಕದೆ, ಹೋದ ಜಾಡಿನಲ್ಲೇ ದಾರವನ್ನು ಮರಳಿ ತರುವ ಕೈ. ಅವಳು ಕಣ್ಣು ಮುಚ್ಚಿಕೊಂಡೇ ಕೊಯ್ಯುತ್ತಿದ್ದಳಂತೆ. ಕೊಯ್ದ ಗೆರೆಯ ಮೇಲೆ ಬಿಟ್ಟ ಇರುವೆಯೂ ದಾರಿ ತಪ್ಪುತ್ತಿರಲಿಲ್ಲವಂತೆ. ನಾನು ನಂಬುವುದಿಲ್ಲ, ಆದರೆ ಹೇಳುವವರ ಬಾಯಿ ಮುಚ್ಚಲು ನಾನ್ಯಾರು? ಒಂದನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ. ಹಾಳೆಯ ನಡುವೆ ಅವಳು ಯಾವಾಗಲೂ ಒಂದು ಖಾಲಿ ಓಣಿ ಬಿಡುತ್ತಿದ್ದಳಂತೆ. ಅದರಲ್ಲಿ ತಂತಿ ಇಲ್ಲ, ಏನೂ ಇಲ್ಲ. ಮುಂದೆ ತಪ್ಪು ಕಂಡರೆ, ತಿದ್ದುವ ಗೆರೆಗೆ ಹೋಗಲು ಜಾಗ ಬೇಕಲ್ಲ, ಅದಕ್ಕೆ.

ಅಲ್ಲಿ ಪಾರಿಸಪ್ಪ ಅಂತ ಒಬ್ಬ ಇಂಜಿನಿಯರ್ ಇದ್ದ. ಅವಳ ಕೈಚಳಕವನ್ನೆಲ್ಲ ಯಂತ್ರಕ್ಕೆ ಕಲಿಸುವ ಹುಚ್ಚು ಅವನಿಗೆ. ಪಕ್ಕದಲ್ಲಿ ಕೂತು ಕೇಳಿದ, ಅವಳೂ ಏನನ್ನೂ ಮುಚ್ಚಿಡದೆ ಹೇಳಿದಳು. ತಮ್ಮ ತಮ್ಮಲ್ಲಿ ಹೆಚ್ಚು ಮಾತಾಡುವ ಚಿಪ್‌ನ ಭಾಗಗಳನ್ನು ಅಕ್ಕಪಕ್ಕ ಕೂರಿಸಬೇಕು. ಎರಡು ಗೆರೆ ಒಂದೇ ಜಾಗಕ್ಕೆ ಜಗಳಾಡಿದರೆ ಒಂದನ್ನು ಕಿತ್ತು ಸುತ್ತುಬಳಸಿ ಕಳಿಸಬೇಕು. ಮೊದಲು ಭಾಗಗಳ ಜಾಗವನ್ನು ಧಾರಾಳವಾಗಿ ಅದಲುಬದಲು ಮಾಡಬೇಕು, ನಕ್ಷೆ ಕೆಟ್ಟರೂ ಕೆಡಲಿ, ಆಮೇಲೆ ನಿಧಾನಕ್ಕೆ ಅದಲುಬದಲು ಕಡಿಮೆ ಮಾಡುತ್ತ ಬರಬೇಕು. ಯಂತ್ರ ಕಲಿಯಿತು. ಅವಳಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದುದನ್ನು ಅದು ಊಟದ ಹೊತ್ತಿಗೆ ಮುಗಿಸಿತಂತೆ.

ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ, ಖುಷಿಯೇ ಆಯಿತು. ಯಾಕೆಂದರೆ ಯಂತ್ರಕ್ಕೆ ಕೊಟ್ಟ ಮೊದಲ ಕೆಲಸ, ಕಿವುಡು ಮಕ್ಕಳ ಕಿವಿಗೆ ಇಡುವ ಮಿಷನ್ನಿನ ಚಿಪ್. ಅವಳ ಮಗಳು ಬಾಳವ್ವ ಹುಟ್ಟುಕಿವುಡಿ. ಮಾತು ಕಲಿಯುವ ವಯಸ್ಸು ದಾಟುವ ಮೊದಲೇ ಕಿವಿ ಕೇಳಬೇಕು, ಇಲ್ಲದಿದ್ದರೆ ಬಾಯಿಗೆ ಮಾತು ಹತ್ತುವುದಿಲ್ಲ ಅಂತ ಡಾಕ್ಟರು ಹೇಳಿದ್ದರು.

ಖಾಲಿ ಓಣಿಯ ಕಟ್ಟಳೆಯನ್ನೂ ಪಾರಿಸಪ್ಪ ಯಂತ್ರಕ್ಕೆ ಕಲಿಸಿದ್ದನಂತೆ. ಆದರೆ ಓಣಿ ಬಿಟ್ಟರೆ ಚಿಪ್ ಕೂದಲೆಳೆಯಷ್ಟು ದೊಡ್ಡದಾಗುತ್ತಿತ್ತು, ಕಿವಿಯಲ್ಲಿಡುವ ಮಿಷನ್ನೂ ಅಷ್ಟು ದಪ್ಪ. ಓಣಿ ತೆಗೆಸಿದವಳು ಅವಳೇ.

"ನನ್ನ ಕೂಸಿನ ಕಿವಿ ಭಾಳ ಸಣ್ಣದೈತ್ರಿ ಸಾಹೇಬ್ರ," ಅಂದಳಂತೆ. "ಇದೊಂದರಾಗ ಓಣಿ ಬ್ಯಾಡ, ತಗದ್ ಬಿಡ್ರಿ."

ಪಾರಿಸಪ್ಪ ಬೇಡವೆಂದನಂತೆ, ಅವಳು ಕೇಳಲಿಲ್ಲವಂತೆ. ಊರವರ ಚಿಪ್‌ಗೆಲ್ಲ ಓಣಿ ಬಿಟ್ಟವಳು ಮಗಳದ್ದಕ್ಕೆ ಬಿಡಲಿಲ್ಲ. ತಾಯಿಯ ಆತುರ, ಯಾರಿಗೆ ಏನು ಹೇಳಲು ಬರುತ್ತದೆ? ಯಂತ್ರ ಹೇಳಿದಷ್ಟು ಮಾಡಿತು.

ಚಿಪ್ ಬಂತು. ಕಿವಿಗಿಟ್ಟರೆ ಬರೀ ಶಿಳ್ಳೆ. ಒಂದು ತಂತಿ ಪಕ್ಕದ್ದಕ್ಕೆ ತೀರಾ ಹತ್ತಿರ ಓಡಿತ್ತು. ಸರಿಸೋಣವೆಂದರೆ ಸೂಜಿ ಊರುವಷ್ಟೂ ಜಾಗವಿಲ್ಲ. ಓಣಿ ಇದ್ದಿದ್ದರೆ ಆ ಒಂದು ತಂತಿಯನ್ನು ಅತ್ತ ತಿರುಗಿಸಿ, ಒಂದೇ ಅಚ್ಚು ತಿದ್ದಿದರೆ ಸಾಕಿತ್ತು. ಈಗ ನಕ್ಷೆಯೇನೋ ಯಂತ್ರ ಮತ್ತೆ ಊಟದ ಹೊತ್ತಿಗೆ ಕೊಟ್ಟಿತು, ಆದರೆ ತೆಗೆದಿಟ್ಟ ಅಚ್ಚುಗಳೆಲ್ಲ ದಂಡವಾದವು. ಹೊಸ ಅಚ್ಚು ಮಾಡಿಸಬೇಕು, ಚಿಪ್ ಒತ್ತಿಸಲು ಮತ್ತೆ ಸರದಿ ಕಾಯಬೇಕು. ಸರದಿ ಬರುವಷ್ಟರಲ್ಲಿ ವರ್ಷಗಳೇ ಕಳೆದವಂತೆ.

ಕೊನೆಗೂ ಬಾಳವ್ವನಿಗೆ ಕೇಳಿಸಿತು. ಬಳೆಯ ಸದ್ದಿಗೆ ತಿರುಗುತ್ತಿದ್ದಳಂತೆ, ಕರೆದರೆ ಓಡಿ ಬರುತ್ತಿದ್ದಳಂತೆ. ಮಾತು ಮಾತ್ರ ಬರಲಿಲ್ಲ. ನೀಲಗಂಗವ್ವ ಯಂತ್ರವನ್ನೂ ಬೈಯಲಿಲ್ಲ, ಪಾರಿಸಪ್ಪನನ್ನೂ ಬೈಯಲಿಲ್ಲ. ಮಗಳ ಬಾಯಲ್ಲಿ ಒಂದೇ ಒಂದು ಮಾತು ಕೇಳಲು ಸಾಯುವವರೆಗೂ ಕಾದಳಂತೆ.

ಅದಕ್ಕೇ, ಯಂತ್ರ ಈಗ ಎಷ್ಟೇ ಜಾಣವಾಗಿದ್ದರೂ, ಚಿಪ್ ಮಾಡುವ ನಮ್ಮವರು ನಕ್ಷೆಯಲ್ಲಿ ಒಂದು ಓಣಿ ಖಾಲಿ ಬಿಡುತ್ತಾರೆ. ನಿಮ್ಮಂಥ ಹೊಸಬರು ಜಾಗ ದಂಡ ಅಂತ ಗೊಣಗುತ್ತೀರಿ, ಗೊಣಗಿಕೊಳ್ಳಿ. ನಕ್ಷೆಯನ್ನು ಅಚ್ಚಿಗೆ ಕಳಿಸುವ ಮುನ್ನ ಯಾರಾದರೊಬ್ಬರು ಆ ಓಣಿಯ ಮೇಲೆ ಬೆರಳಿಟ್ಟು, ಬಾಳವ್ವನ ಪರವಾಗಿ, "ಅವ್ವಾ" ಅಂತ ಒಮ್ಮೆ ಕರೆಯುತ್ತಾರೆ.