ಅಡುಗೆಮನೆಯ ಬಾಯಿ

ದಾವಣಗೆರೆಯ ದೋಸೆ ಹೋಟೆಲೊಂದರ ವೈಫೈ ಡಬ್ಬಿಯೊಳಗೆ ಎರಡು ನೆಟ್‌ವರ್ಕ್ ಹೆಸರುಗಳು ವಾಸವಾಗಿದ್ದವು. ‘ಅಡುಗೆಮನೆ’ ಒಲೆಯವರಿಗೆ ಆರ್ಡರ್ ಮುಟ್ಟಿಸುತ್ತಿತ್ತು. ‘ಗಿರಾಕಿ’ ಬಂದವರ ಫೋನಿಗೆ ಹಾಡು ಹರಿಸುತ್ತಿತ್ತು. ಎರಡಕ್ಕೂ ಸರದಿ ಕೊಟ್ಟು ಮಾತಾಡಿಸುತ್ತಿದ್ದವನು ಡ್ರೈವರ್ ಎಂಬ ಒಳಗಿನ ತಂತ್ರಾಂಶ.

ಸರದಿ ಕಾಯುವುದೆಂದರೆ ಅಡುಗೆಮನೆಗೆ ಮೈಯೆಲ್ಲ ಉರಿ. “ಡ್ರೈವರಣ್ಣ, ನಾನು ಬೆಣ್ಣೆದೋಸೆ ಎನ್ನುವಷ್ಟರಲ್ಲಿ ಅವನು ರಾಗ ಎಳೆಯುತ್ತಾನೆ. ಆ ಬಾಯಿ ಮುಚ್ಚಿಸು.”

“ಬೇಕಾದರೆ ಅವನ ಹೆಸರು ತೆಗೆಯುತ್ತೇನೆ ತಾಯಿ. ಬಾಯಿ ಮಾತ್ರ...”

“ಹೆಸರು ಇಟ್ಟುಕೊಂಡು ಸಾಯಲಿ. ಬಾಯಿ ಮುಚ್ಚಿಸು!”

ಡಬ್ಬಿಯಿಂದ ಸಂಕೇತ ಹೊರಬಿಡುವ ಒಂದೇ ಒಂದು ರೇಡಿಯೊವನ್ನು ಡ್ರೈವರ್ ಆಫ್ ಮಾಡಿದ. ಗಿರಾಕಿಯ ಹಾಡು ನಿಂತಿತು. ಅಡುಗೆಮನೆ ಹಿಗ್ಗಿ, “ಎರಡು ಬೆಣ್ಣೆದೋಸೆ!” ಎಂದು ಕೂಗಿತು. ಒಲೆಯ ಬಳಿ ಯಾರೂ ತಲೆ ಎತ್ತಲಿಲ್ಲ.

“ಅಣ್ಣಾ, ನನ್ನ ಬಾಯಿಗೇನಾಯಿತು?”

ಡ್ರೈವರ್ ಹೇಳಿದ: “ನಿನಗೆ ಅಂತ ಬೇರೆ ಬಾಯಿ ಎಲ್ಲಿತ್ತು ತಾಯಿ?”